ಅರ್ಜಿಗೆ ಹಚ್ಚಿದ ಅರಿಶಿನ

ಆ ಶನಿವಾರ ಬೆಳಿಗ್ಗೆ ನಾನು ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ಸೋಮವಾರ ಇಪ್ಪತ್ತೊಂದು ಜನ ಉಣ್ಣುವವರಿದ್ದರು, ತಲೆಗೆ ಮೂರರಂತೆ ಹಿಟ್ಟು ನಾದಿಟ್ಟಿದ್ದೆ. ಎಳ್ಳು ಒತ್ತಿದ ರೊಟ್ಟಿಯೊಂದು ಹಂಚಿನ ಮೇಲಿದ್ದಾಗ ತಮ್ಮನ ಫೋನು ಬಂತು. ಕೈಯೆಲ್ಲ ಹಿಟ್ಟು. ಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರ್ ಹಾಕಿದೆ.

"ಅಕ್ಕಾ, ಪಾರ್ಕಿನ ಪರ್ಮಿಷನ್ ಕೊಡಂಗಿಲ್ಲಂತ. ಅರ್ಜಿ ವಾಪಸ್ ಮಾಡ್ಯಾರ."

"ಯಾಕಂತ?"

"ಅರ್ಜಿಗೆ ಅರಿಶಿಣ ಹತ್ಯಾದಂತ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಒಲೆ ಆರಿಸಿ ಹಾಗೇ ಕುಳಿತೆ. ಅರಿಶಿನ ಹಚ್ಚಿದವಳು ನಾನೇ.

ಸೋಮವಾರ ತಮ್ಮನ ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಊಟ ಮಾಡಿಸುತ್ತೇವಲ್ಲ, ಆ ಊಟ ನಮ್ಮ ಮನೆತನದಲ್ಲಿ ಚಾವಣಿಯ ಕೆಳಗೆ ಆಗುವುದಿಲ್ಲ. ಹಸಿರು ಮರದ ನೆರಳಲ್ಲೇ ಆಗಬೇಕು. ಹುಡುಗಿಗೆ ಹಿಂದೆ ಎರಡು ಸಲ ಬಸಿರು ನಿಂತು ಮೂರು ತಿಂಗಳು ತುಂಬುವುದರೊಳಗೆ ಹೋಗಿತ್ತು. ಇದೊಂದು ಏಳನೆಯ ತಿಂಗಳಿಗೆ ಬಂದಿತ್ತು. ಮಂಗಳವಾರ ಅಮಾವಾಸ್ಯೆ. ಅದು ದಾಟಿದರೆ ಎಂಟು ಹಿಡಿಯುತ್ತದೆ, ಎಂಟರಲ್ಲಿ ನಾವು ಕುಬಸ ಮಾಡುವುದಿಲ್ಲ. ವನದುರ್ಗದಲ್ಲಿ ನನ್ನ ಭಾವನ ತೋಟವೇನೋ ಇದೆ. ಆದರೆ ಆಟೋದಲ್ಲಿ ಕುಲುಕಾಡಿಕೊಂಡು ಎಲ್ಲಿಗೂ ಹೋಗಕೂಡದೆಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಉಳಿದದ್ದು ನಮ್ಮ ಓಣಿಯ ಹಿಂದಿನ ಪಾರ್ಕು ಒಂದೇ.

ಹುಡುಗಿಗೂ ಅದೇ ಬೇಕಿತ್ತು. ಅವಳ ಶಾಲೆ ಆ ಪಾರ್ಕಿನ ಎದುರಿಗೇ ಇದ್ದದ್ದು. ದಿನಾ ಮಧ್ಯಾಹ್ನ ಅವಳವ್ವ ಬುತ್ತಿ ತಂದು ಅಲ್ಲಿಯ ಬೇವಿನ ಬುಡದಲ್ಲಿ ಕೂರಿಸಿ ಉಣಿಸುತ್ತಿದ್ದಳು. ಆ ತಾಯಿ ಹೋಗಿ ನಾಲ್ಕು ವರ್ಷವಾಯಿತು. "ಅತ್ತಿ, ಅದೇ ಗಿಡದ ಕೆಳಗ ಕುಂತು ಉಣ್ಬೇಕು ಅನಿಸ್ತದ" ಎಂದು ಅವಳು ಒಂದೇ ಒಂದು ಸಲ ಹೇಳಿದ್ದಳು. ಎರಡನೆಯ ಸಲ ಕೇಳುವ ಹುಡುಗಿಯಲ್ಲ.

ತಮ್ಮ ಅರ್ಜಿ ಬರೆಸಿ, ಸಹಿ ಮಾಡಿ, ದೇವರ ಮುಂದಿಡಲು ನನ್ನ ಕೈಗೆ ಕೊಟ್ಟಿದ್ದ. ಶುಭಕಾರ್ಯದ ಕಾಗದ ಬರಿದೇ ಹೊಸ್ತಿಲು ದಾಟುವುದುಂಟೇ? ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದೆ. ಕೈ ತುಸು ಹಸಿಯಾಗಿತ್ತು, ಕೆಳಗಿನ ಮೂಲೆಯದು ಅವನ ಸಹಿಯ ಮೇಲೆ ಹರಿಯಿತು. ತಪ್ಪು ನನ್ನದು, ಇಲ್ಲವೆನ್ನುವುದಿಲ್ಲ. ಆದರೆ ಆ ಕಾಗದ ಹದಿನೈದು ದಿನ ಅವರ ಮೇಜಿನ ಮೇಲಿತ್ತು. ಹದಿನೈದು ದಿನ ಯಾರ ಬಾಯಲ್ಲೂ ಮಾತಿರಲಿಲ್ಲ!

ಕೈ ತೊಳೆದು, ಸೆರಗು ಸರಿಮಾಡಿಕೊಂಡು ನಾನೇ ನಗರಸಭೆಯ ಕಚೇರಿಗೆ ಹೋದೆ. ತಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಒಳಗಿದ್ದ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಸಹಿ ಕಾಣಂಗಿಲ್ರಿ ಅಮ್ಮಾ. ಸ್ಕ್ಯಾನ್ ಆಗಂಗಿಲ್ಲ. ಹೊಸಾ ಅರ್ಜಿ ಕೊಡ್ರಿ, ಏಳು ದಿನದಾಗ ಆಗ್ತದ."

"ಅಮಾಸಿ ಮಂಗಳವಾರ ಅದರಿ."

"ಅಮಾಸಿ ನಮ್ಮ ಕೈಯಾಗ ಅದೇನ್ರಿ?"

"ಅರ್ಜಿ ನಿಮ್ಮ ಕೈಯಾಗೇ ಇತ್ತಲ್ರಿ. ಅವತ್ತೇ ಹೇಳಿದ್ರ ಅವತ್ತೇ ಬರೆದು ಕೊಡ್ತಿದ್ವಿ."

"ಆನ್‌ಲೈನ್‌ದಾಗ ಹಾಕೇವ್ರಿ. ನೀವು ನೋಡ್ಬೇಕಿತ್ತು."

ಆಗ ನನ್ನ ಕಣ್ಣು ಅವನ ಕಂಪ್ಯೂಟರಿನ ಮೇಲೆ ಬಿತ್ತು. ಆಯುಧಪೂಜೆಯ ದಿನ ಎಳೆದ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಇನ್ನೂ ಹಾಗೇ ಇತ್ತು.

"ಹಂಗಾದ್ರ ಸಾಹೇಬ್ರ, ಆ ಡಬ್ಬಿಗೆ ಇಭೂತಿ ಹಚ್ಚಿದ್ರ ಅದು ಕೆಲಸ ಮಾಡ್ತದ, ನನ್ನ ಕಾಗದಕ್ಕ ಅರಿಶಿಣ ಹತ್ತಿದ್ರ ಕೆಟ್ಟು ಹೋಗ್ತದ?"

ಹಿಂದೆ ಸಾಲಿನಲ್ಲಿದ್ದವರೊಬ್ಬರು ಗೊಳ್ಳೆಂದು ನಕ್ಕರು. ಗುಮಾಸ್ತನ ಮುಖ ಕೆಂಪೇರಿತು. "ಇದು ಸರಕಾರಿ ಕಾಗದ ಅದರಿ" ಎಂದ.

"ಹೋದ ತಿಂಗಳು ಅದೇ ಪಾರ್ಕಿನಾಗ ಶಾಮಿಯಾನ ಹಾಕಿ, ಮೈಕ್ ಹಚ್ಚಿ, ದೊಡ್ಡ ಮನಷ್ಯಾರ ಹುಟ್ಟಿದ ಹಬ್ಬ ಮಾಡಿದ್ರು. ಅವರ ಅರ್ಜಿ ಎಷ್ಟು ಬೆಳ್ಳಗಿತ್ರಿ? ತೋರಸ್ರಿ, ನೋಡ್ತೀನಿ."

ಅವನು ಮತ್ತೆ ಕಂಪ್ಯೂಟರಿನತ್ತ ತಿರುಗಿದ. ನಮ್ಮನ್ನು ಸಾಗಹಾಕಿದರೆ ಸಾಕೆಂಬಂತೆ ಹೇಳಿದ: "ಹತ್ತು ಮಂದಿಗಿಂತ ಜಾಸ್ತಿ ಆದ್ರ ಪರ್ಮಿಷನ್ ಬೇಕ್ರಿ. ಹತ್ತು ಮಂದಿ ಬುತ್ತಿ ಕಟ್ಕೊಂಡು ಹೋಗಿ ಉಂಡು ಬರ್ರಿ, ಯಾರ್ ಬ್ಯಾಡಂತಾರ? ದೀಪ ಹಚ್ಚೂದು, ಹಾಡೂದು ಮಾಡಿದ್ರ ಮಾತ್ರ ಅದು ಕಾರ್ಯಕ್ರಮ ಆಗ್ತದ."

ಮನೆಗೆ ಬಂದರೆ ಹುಡುಗಿ ನನ್ನನ್ನೇ ಕಾಯುತ್ತ ಕುಳಿತಿದ್ದಳು. "ಹೋಗ್ಲಿ ಬಿಡತ್ತಿ, ಮನ್ಯಾಗೇ ಮಾಡೂಣು" ಎಂದಳು. ಕಚೇರಿಯಲ್ಲಿ ಬಾರದಷ್ಟು ಸಿಟ್ಟು ಆಗ ಬಂತು ನನಗೆ. ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಲೂ ಇವಳು ಇದನ್ನೇ ಹೇಳಿದ್ದಳು, ಹೋಗಲಿ ಬಿಡು ಅಂತ. "ಈ ಸಲ ಬಿಡಂಗಿಲ್ಲ" ಎಂದೆ. ದನಿ ಏರಿತ್ತು. ಅವಳು ಕಣ್ಣು ತುಂಬಿಕೊಂಡಳು. ಆಮೇಲೆ ದೇವರ ಮುಂದೆ ಕುಳಿತು ಕೆನ್ನೆ ಬಡಿದುಕೊಂಡೆ.

ಲೆಕ್ಕ ಹಾಕಿದೆವು. ನನ್ನನ್ನೂ ಸೇರಿಸಿ ಐದು ಜನ ಮುತ್ತೈದೆಯರು, ಹುಡುಗಿ, ಯಾದಗಿರಿಯಿಂದ ಬರುವ ಅವಳ ಗಂಡನ ತಾಯಿ: ಏಳು. ಉಳಿದ ಮೂರು ಜಾಗಕ್ಕೆ ಹದಿನಾಲ್ಕು ಜನ. ಕರೆದವರಿಗೆ ಬರಬೇಡಿ ಎನ್ನುವುದು ಹೇಗೆ? ಮೊಣಕಾಲು ನೋವಿನ ಮೂವರನ್ನು ಒಳಗೆ ಕೂರಲು ಆರಿಸಿದೆವು. "ನಾ ಗಂಡಸು, ಹೊರಗಿರ್ತೀನಿ ಬಿಡಕ್ಕಾ" ಎಂದ ತಮ್ಮ. ಹೆತ್ತ ತಂದೆ! ಕುಬಸದ ಹಾಡೆಲ್ಲ ಬಾಯಲ್ಲೇ ಇರುವ ಸುರಪುರದ ಚಿಕ್ಕವ್ವನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: "ರಸ್ತೆದಾಗ ಹಾಡಾಕೂ ಅರ್ಜಿ ಬೇಕೇನವ್ವಾ?"

ಸೋಮವಾರ ಆರತಿಯನ್ನು ಮನೆಯಲ್ಲೇ ಎತ್ತಿ, ಬುಟ್ಟಿ ಹೊತ್ತು ಹೊರಟೆವು. ಹತ್ತು ಜನ ಒಳಗೆ ಹೋಗಿ ಬೇವಿನ ಬುಡದಲ್ಲಿ ಕುಳಿತೆವು. ಹನ್ನೊಂದು ಜನ ಕಬ್ಬಿಣದ ಬೇಲಿಯಾಚೆ, ಬಿಸಿಲಲ್ಲಿ, ಕೈಯಲ್ಲಿ ರೊಟ್ಟಿ ಹಿಡಿದು ನಿಂತರು. ಮನೆಗೆ ಕರೆದ ಮಂದಿಯನ್ನು ಬೀದಿಯಲ್ಲಿ ನಿಲ್ಲಿಸಿ ಸರಳಿನ ಸಂದಿಯಿಂದ ಬದನೆಕಾಯಿ ಪಲ್ಯ ಬಡಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಪಲ್ಯ ಸರಳಿಗೂ ಮೆತ್ತಿಕೊಂಡಿತು.

ಉಡಿ ತುಂಬುವಾಗ ಚಿಕ್ಕವ್ವ ಸರಳು ಹಿಡಿದು ಹಾಡತೊಡಗಿದಳು. ಕಾವಲುಗಾರ ಓಡಿ ಬಂದ. "ಯಮ್ಮಾ, ಪಾರ್ಕಿನಾಗ ಹಾಡಬಾರದಂತ ಹುಕುಂ ಅದ!"

"ನಾ ಎಲ್ಲಿ ಅದೀನಿ, ಕಣ್ಣು ಬಿಟ್ಟು ನೋಡೋ ನಮ್ಮಪ್ಪಾ. ನನ್ನ ಕಾಲು ರಸ್ತೆದಾಗ ಅದಾವ. ಹಾಡು ಒಳಗ ಬಂದ್ರ ಅದನ್ನ ಹಿಡಿದು ಹೊರಗ ಹಾಕು."

ಅವನು ತಲೆ ಕೆರೆದುಕೊಂಡು ಗೇಟಿನ ಕಡೆಗೆ ಹೋದ. ಬೇಲಿಯಾಚೆಯ ಉಳಿದವರೂ ದನಿಗೂಡಿಸಿದರು. ತಮ್ಮ ಮಾತ್ರ ಮುಖ ಆಚೆ ತಿರುಗಿಸಿ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಹುಡುಗಿ ಎರಡು ರೊಟ್ಟಿ, ಒಂದು ಹೋಳಿಗೆ ಉಂಡಳು. ವಾಂತಿಯಾಗಲಿಲ್ಲ. ಬೇವಿಗೆ ಬೆನ್ನು ಆನಿಸಿ, ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಒದೀತದ ನೋಡತ್ತಿ" ಎಂದಳು. ಒದೆಯುತ್ತಿತ್ತು. ಶಿವ ನನ್ನ ಪಾಲಿಗೆ ಅಷ್ಟು ಕೊಟ್ಟ, ಅದನ್ನು ಕಣ್ಣಿಗೊತ್ತಿಕೊಂಡೆ.

ಆದರೂ ಆ ಕಚೇರಿಯವರನ್ನು ನಾನು ಮಾಫಿ ಮಾಡಿಲ್ಲ. ಗುಮಾಸ್ತ ಹತ್ತು ಮಂದಿಗೆ ಹೂಂ ಅಂದದ್ದರಿಂದ ಆದ ಕುಬಸವಲ್ಲ ಅದು. ಹದಿನೈದು ದಿನದಲ್ಲಿ ಒಂದು ಫೋನು ಮಾಡಿದ್ದರೆ ಸಾಕಿತ್ತು, ಮಗಳು ಉಣ್ಣುವುದನ್ನು ತಂದೆ ಹತ್ತಿರ ಕುಳಿತು ನೋಡುತ್ತಿದ್ದ. ಪೂಜೆಗೆ ಕುಳಿತಾಗ ಎಷ್ಟೋ ಜನರ ಹೆಸರು ಹಿಡಿದು ಒಳ್ಳೆಯದಾಗಲಿ ಎಂದು ಬೇಡುತ್ತೇನೆ. ಆ ಗುಮಾಸ್ತನಿಗಾಗಿ ಬೇಡಲು ನಾಲಿಗೆ ಇನ್ನೂ ಏಳುತ್ತಿಲ್ಲ.

ನಿಂತು ಉಂಡವರು ಒಂದೊಂದೇ ರೊಟ್ಟಿಗೆ ಸಾಕೆಂದಿದ್ದರು, ಅರ್ಧ ಬುಟ್ಟಿ ಹಾಗೇ ಮರಳಿ ಬಂತು. ಮನೆಗೆ ಬಂದವಳೇ ಮಾಳಿಗೆ ಹತ್ತಿ ಬಿಳಿ ಧೋತ್ರ ಹಾಸಿ, ಉಳಿದ ರೊಟ್ಟಿಗಳನ್ನು ಒಣಗಿ ಕಟಕಾಗಲೆಂದು ಬಿಸಿಲಿಗೆ ಹರವಿದೆ. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟು, ಕಾಗೆ ಕಾಯುತ್ತ ಕುಳಿತೆ.