ತಟ್ಟೆಯ ಅಡಿಯ ಹನ್ನೆರಡು ಪದಗಳು

ಮೊಬೈಲ್ ಹಾಳಾದರೂ ಅದರ ವಾಲೆಟ್ಟಿನ ಬಿಟ್‌ಕಾಯಿನ್ ವಾಪಸ್ ತರಲು ಹನ್ನೆರಡು ಇಂಗ್ಲಿಷ್ ಪದಗಳು ಇರುತ್ತವೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆಂದು ನಾನು ಅವನ್ನು ಒಂದು ಸ್ಟೀಲ್ ತಟ್ಟೆಯ ಅಡಿಯಲ್ಲಿ ಕೊರೆದೆ, ಪುತ್ತೂರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಾರಲ್ಲ, ಹಾಗೆ. ಹದಿಮೂರನೆಯದೊಂದು ಪದವನ್ನು ನಾನೇ ಸೇರಿಸಿ ತಲೆಯಲ್ಲಿ ಇಟ್ಟುಕೊಂಡೆ. ಅದಿಲ್ಲದೆ ಉಳಿದವು ಯಾರ ಉಪಯೋಗಕ್ಕೂ ಇಲ್ಲ. ಹೆಂಡತಿ ನಕ್ಕಳು: "ನಿಮಗೆ ಎಂತ ಮರುಳಾ?"

ಮೊನ್ನೆ ಪಂಜದ ನಮ್ಮ ರಬ್ಬರ್ ತೋಟದಲ್ಲಿ ಬಗ್ಗಿದಾಗ ಜೇಬಿನ ಫೋನು ಗಟ್ಟಿಯಾಗಲೆಂದು ಆಸಿಡ್ ಬೆರೆಸಿಟ್ಟ ರಬ್ಬರ್ ಹಾಲಿಗೆ ಬಿತ್ತು. ತೆಗೆಯುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಮನೆಗೆ ಓಡಿ ಬಂದರೆ ತಟ್ಟೆಯೇ ಇಲ್ಲ! ಅದರಲ್ಲಿ ಹೆಂಡತಿ ಪಕ್ಕದ ಬ್ಯಾರಿಗಳ ಮನೆಗೆ ಕಡುಬು ಕೊಟ್ಟು ವಾರವಾಯಿತಂತೆ.

"ಹೋಗಿ ಕೇಳು ಮಾರಾಯ್ತಿ!"

"ಕೊಟ್ಟ ತಟ್ಟೆ ಕೇಳುದಾ? ಮರ್ಯಾದೆ ಉಂಟಾ ನಿಮಗೆ?"

ಸಿಟ್ಟು ನೆತ್ತಿಗೇರಿ ನಾನೇ ಹೊರಟೆ. ಅಷ್ಟರಲ್ಲಿ ಆ ಮನೆಯ ಅಜ್ಜಿ ಅದೇ ತಟ್ಟೆ ತುಂಬ ಅಕ್ಕಿಯ ಪತ್ತಿರಿ ರೊಟ್ಟಿ ಹಿಡಿದುಕೊಂಡು ಅಂಗಳಕ್ಕೆ ಬಂದರು. "ಖಾಲಿ ತಟ್ಟೆ ಹೇಗೆ ಕೊಡುದು? ಅದಕ್ಕೇ ತಡ ಆದದ್ದು."

ಪತ್ತಿರಿಯನ್ನು ಬೇರೆ ಪಾತ್ರೆಗೆ ಹಾಕಿ ತಟ್ಟೆ ಮಗುಚಿದೆ. ಮನೆಯ ಇನ್ನೊಂದು ಫೋನಿನಲ್ಲಿ ಹದಿಮೂರೂ ಪದ ಒತ್ತಿದೆ. ಬಂತು, ಪೂರ್ತಿ ಬಂತು! ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಯಾರ ಸಹಿಯೂ ಇಲ್ಲ. ಅಡುಗೆಮನೆಯ ನೆಲದಲ್ಲಿ ಕೂತು ನನ್ನದನ್ನು ನಾನೇ ತಂದುಕೊಂಡೆ. ಪಕ್ಕದ ಮನೆಗೂ ಕೇಳುವ ಹಾಗೆ ಬೊಬ್ಬೆ ಹೊಡೆದೆ.

ಅಂದು ನಕ್ಕವಳು ಈಗ ಆ ತಟ್ಟೆಯನ್ನು ಯಾರಿಗೂ ಕೊಡುವುದಿಲ್ಲ. ನನಗೂ ಅದರಲ್ಲಿ ಬಡಿಸುವುದಿಲ್ಲ.