ಖಾಜಾಸಾಬ್ ಕಲಿಸಿದ ಕೆಲಸ

ಕೊರೊನಾ ಹಾವಳಿ ಕಳೆದು ತರಗತಿಗಳು ಮತ್ತೆ ತುಂಬತೊಡಗಿದ ವರ್ಷ ಅದು. ಆಗ ನಾನು ನಮ್ಮ ವಿಶ್ವವಿದ್ಯಾಲಯದಲ್ಲಿ ಉಪಗ್ರಂಥಪಾಲಕಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರಿನ ಸ್ನಾತಕೋತ್ತರ ಕೇಂದ್ರಗಳ ಗ್ರಂಥಾಲಯಗಳು ನನ್ನ ಉಸ್ತುವಾರಿಯಲ್ಲಿದ್ದವು. ಉಸ್ತುವಾರಿ ಎಂಬ ಮಾತು ಕೇಳಲು ದೊಡ್ಡದು. ನನ್ನ ಕೈಕೆಳಗಿದ್ದವರು ಊರಿಗೊಬ್ಬರಂತೆ ಮೂವರು ಸಹಾಯಕರು, ಮೂವರೂ ಹೊರಗುತ್ತಿಗೆಯವರು. ಸಂಬಳ ಕೊಡುವುದು ಏಜೆನ್ಸಿ, ಕೆಲಸ ಹೇಳುವುದು ನಾವು. ಮಾರ್ಚ್ ಬಂತೆಂದರೆ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವುದು ಅವರು.

ಸಿಂಧನೂರಿನಲ್ಲಿ ಖಾಜಾಸಾಬ್ ಇದ್ದರು. ಐವತ್ತು ದಾಟಿದ್ದ ಮನುಷ್ಯ, ಮಾತಿನ ಮಲ್ಲ. ಪುಸ್ತಕ ಕೊಡುವ, ವಾಪಸು ಪಡೆಯುವ ಕೌಂಟರ್ ಅವರದು. ಮಸ್ಕಿಯಲ್ಲಿ ಹುಲಿಗೆಮ್ಮ, ಗ್ರಂಥಾಲಯ ವಿಜ್ಞಾನದ ಪದವಿ ಮುಗಿಸಿ ಸೇರಿದ್ದ ಹುಡುಗಿ. ಹೊಸ ಪುಸ್ತಕಗಳ ವರ್ಗೀಕರಣ ಆಕೆಯ ಕೆಲಸ. ಅಂದರೆ ಪುಸ್ತಕದ ವಿಷಯ ನೋಡಿ ಅದಕ್ಕೊಂದು ಸಂಖ್ಯೆ ಕೊಟ್ಟು, ಯಾವ ಕಪಾಟಿನಲ್ಲಿ ಯಾವುದರ ಪಕ್ಕ ನಿಲ್ಲಬೇಕೆಂದು ಗೊತ್ತು ಮಾಡುವುದು. ಲಿಂಗಸುಗೂರಿನಲ್ಲಿ ಶರಣಪ್ಪ ನಿಯತಕಾಲಿಕೆಗಳನ್ನೂ ಆನ್‌ಲೈನ್ ಜರ್ನಲ್‌ಗಳನ್ನೂ ನೋಡಿಕೊಳ್ಳುತ್ತಿದ್ದ. ಒಬ್ಬೊಬ್ಬರೂ ತಮ್ಮ ಊರಿನ ಗ್ರಂಥಾಲಯ ತೆರೆದು ನೋಡಿಕೊಳ್ಳುವುದರ ಜೊತೆಗೆ ಮೂರೂ ಕೇಂದ್ರಗಳ ಆ ಒಂದು ಕೆಲಸ ಮಾಡುತ್ತಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಆ ವರ್ಷ ಪರೀಕ್ಷೆಗೆ ಇನ್ನೇನು ಕೆಲವೇ ದಿನ ಇರುವಾಗ ಖಾಜಾಸಾಬರ ತಾಯಿ ತೀರಿಕೊಂಡರು. ಹಾಲ್‌ಟಿಕೆಟ್ ಬೇಕಾದರೆ ಗ್ರಂಥಾಲಯದಿಂದ 'ನೋ ಡ್ಯೂ' ಚೀಟಿ ತರಬೇಕು, ಪುಸ್ತಕವೆಲ್ಲ ವಾಪಸು ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ಸಾಫ್ಟ್‌ವೇರ್‌ನಿಂದ ತೆಗೆಯುವುದು ಅವರೊಬ್ಬರಿಗೇ ಗೊತ್ತು. ಆರ್.ಎಚ್. ಕ್ಯಾಂಪಿನಿಂದ, ದಢೇಸುಗೂರಿನಿಂದ ಬಸ್ಸು ಹಿಡಿದು ಬಂದ ಮಕ್ಕಳು ಕೌಂಟರಿನ ಮುಂದೆ ಸುಮ್ಮನೆ ನಿಂತಿದ್ದರು. ಕೊನೆಗೆ ತಾಯಿಯ ಮೂರನೇ ದಿನದ ಜಿಯಾರತ್ ಮುಗಿಸಿದ ಮಧ್ಯಾಹ್ನವೇ ಖಾಜಾಸಾಬ್ ಬಂದು ಕುರ್ಚಿಯಲ್ಲಿ ಕೂತರು. ಮುಖ ಬಾಡಿತ್ತು, ಕೈ ಮಾತ್ರ ಚೀಟಿ ತೆಗೆಯುತ್ತಲೇ ಇತ್ತು. ತಾಯಿ ಸತ್ತರೂ ನಾಲ್ಕು ದಿನ ಮನೆಯಲ್ಲಿ ಕೂರಲಾಗದ ನೌಕರಿ ಎಂಥದ್ದು?

ಹಾಗೆ ಹುಟ್ಟಿದ್ದು ನನ್ನ ಯೋಜನೆ. ಅದರಲ್ಲಿ ಎರಡು ಭಾಗ. ಮೊದಲನೆಯದು ಶ್ಯಾಡೋಯಿಂಗ್: ಕೆಲಸ ಬಲ್ಲವರ ಪಕ್ಕ ಕುರ್ಚಿ ಹಾಕಿಕೊಂಡು ಅವರು ಮಾಡುವುದನ್ನು ದಿನವಿಡೀ ನೋಡಿ ಕಲಿಯುವುದು. ಎರಡನೆಯದು ಜಾಬ್ ರೊಟೇಶನ್: ಕಲಿತ ಮೇಲೆ ಕೆಲವು ತಿಂಗಳು ಆ ಜಾಗದಲ್ಲಿ ತಾವೇ ಕೂತು ಮಾಡುವುದು. ಮಸ್ಕಿ ನಡುವೆ ಇದೆ, ಎರಡೂ ಕಡೆಗೆ ಬಸ್ಸು ಬೇಕಾದಷ್ಟಿವೆ. ಮೂವರಿಗೂ ಮೂರೂ ಕೆಲಸ ಬಂದರೆ ಯಾರಾದರೂ ನಿಶ್ಚಿಂತೆಯಿಂದ ರಜೆ ಹಾಕಬಹುದು, ಕೈಯಲ್ಲಿ ಅನುಭವವೂ ಬೆಳೆಯುತ್ತದೆ ಎಂಬುದು ನನ್ನ ಲೆಕ್ಕ.

ಆದೇಶ ಹೊರಟ ದಿನ ಖಾಜಾಸಾಬ್ ಸಿಂಧನೂರಿನ ಗ್ರಂಥಾಲಯದಲ್ಲೇ ಇದ್ದ ನನ್ನ ಕೋಣೆಗೆ ನುಗ್ಗಿದರು. ನಮ್ಮ ಕಚೇರಿಗಳಲ್ಲಿ ಒಬ್ಬರನ್ನು ಇನ್ನೊಂದು ಊರಿಗೆ ಹಾಕುವುದೆಂದರೆ ಶಿಕ್ಷೆ. ಅದಕ್ಕೆ ಬೇರೆ ಅರ್ಥವೇ ಇಲ್ಲ.

"ನನ್ನ ಕಸೂರ್ ಏನ್ರೀ ಮೇಡಂ? ಯಾರ್ ಕಂಪ್ಲೇಂಟ್ ಕೊಟ್ಟಾರ ನನ್ ಮ್ಯಾಲ?"

"ಯಾರೂ ಕೊಟ್ಟಿಲ್ಲ. ಮಸ್ಕಿಗೆ ಹೋಗಿ ಕೆಲಸ ಕಲೀರಿ ಅಂತ ಅಷ್ಟೇ."

"ಆ ಇಕನಾಮಿಕ್ಸ್ ಸರ್‌ಗೆ ಪುಸ್ತಕ ವಾಪಸ್ ಕೇಳಿದ್ದೆ, ಅವ್ರದ ಕೆಲ್ಸ ಇದು. ಗೊತ್ತದ ನನಗ."

ಇಕನಾಮಿಕ್ಸ್ ಮೇಷ್ಟ್ರಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಂಬಿಸಲು ಎರಡು ಚಹಾ ಖರ್ಚಾದವು. ಅಲ್ಲಿಗೂ ಮುಗಿಯಲಿಲ್ಲ. ಕಾರಿಡಾರಿನಲ್ಲಿ ಆ ಮೇಷ್ಟ್ರಿಗೆ ಖಾಜಾಸಾಬ್ ವಾರಗಟ್ಟಲೆ ಸಲಾಂ ಹೊಡೆಯಲಿಲ್ಲ.

ಮೊದಲು ಹುಲಿಗೆಮ್ಮ ಸಿಂಧನೂರಿಗೆ ಬಂದು ಅವರ ಪಕ್ಕ ಕೂತಳು. ಖಾಜಾಸಾಬರ ಮುನಿಸು ಕರಗಿದ್ದು ಅಲ್ಲೇ. ಅಷ್ಟು ವರ್ಷ ಅವರ ಮಾತನ್ನು ಕಿವಿಗೊಟ್ಟು ಕೇಳಿದವರು ಯಾರೂ ಇರಲಿಲ್ಲ. ಸರ್ವರ್ ಕೈಕೊಟ್ಟಾಗ ಏನು ಮಾಡಬೇಕು, ಪುಟ ಹರಿದು ತಂದವನನ್ನು ಎಷ್ಟು ಬೈಯಬೇಕು, ಎಲ್ಲಿಗೆ ನಿಲ್ಲಿಸಬೇಕು, ತಿಂಗಳಾದರೂ ಪುಸ್ತಕ ಕೊಡದ ಮೇಷ್ಟ್ರನ್ನು ಎಲ್ಲಿ ಹಿಡಿಯಬೇಕು, ಎಲ್ಲವನ್ನೂ ಹೇಳಿಕೊಟ್ಟರು. ನಾನು ಆಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ಕಾಕಾ, ಇದನ್ನೂ ಕಲೀಬೇಕೇನ್ರೀ?" ಎಂದು ಆಕೆ ನಗುತ್ತಿದ್ದಳು.

"ಎಲ್ಲಾ ಕಲಿ ಯವ್ವಾ. ನಾ ಊರಾಗ ಇಲ್ಲದಾಗ ಮಂದಿ ಬಾಗಲಾ ನೋಡಿ ಹೊಳ್ಳಿ ಹೋಗಬಾರದು."

ಆಮೇಲೆ ಅವರು ಮಸ್ಕಿಗೆ ಹೋದರು. ಮಗಳ ವಯಸ್ಸಿನವಳ ಪಕ್ಕ ಕೂತು, ಚಾಳೀಸು ಮೂಗಿನ ತುದಿಗೆ ಜಾರಿಸಿಕೊಂಡು ವರ್ಗೀಕರಣ ಕಲಿತರು. ಮೊದಮೊದಲು ಸಮಾಜಶಾಸ್ತ್ರವನ್ನು ಒಯ್ದು ಕೃಷಿಯಲ್ಲಿ ಕೂರಿಸಿದರು. ನಾನು ರೇಗಿದೆ, ಹುಲಿಗೆಮ್ಮ ತಿದ್ದಿದಳು. ಒಂದು ದಿನ ಅವರ ಫೋನ್ ಬಂತು.

"ಮೇಡಂ, ಇವತ್ತ ಒಂದು ಪುಸ್ತಕಕ್ಕ ನಾನ ನಂಬರ್ ಕೊಟ್ಟೀನ್ರೀ. ಹುಲಿಗೆಮ್ಮ ಒಂದೂ ತಪ್ಪು ತಗೀಲಿಲ್ಲ. ಈಗ ಎರಡು ಕೆಲ್ಸ ಬರ್ತಾವ, ಇನ್ ಯಾರ್ ತಗೀತಾರ್ರೀ ನನ್ನ?"

ಈ ವಯಸ್ಸಿನಲ್ಲಿ ನೌಕರಿ ಹೋದರೆ ಇನ್ನೊಂದು ಸಿಗದು ಎಂಬ ಭಯ ಅವರನ್ನು ಪ್ರತಿ ಮಾರ್ಚಿನಲ್ಲೂ ಹಿಂಡುತ್ತಿತ್ತು. ಆ ಭಯ ಬಿಟ್ಟ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೂ ಖುಷಿಯಾಗಿತ್ತು.

ಆ ವರ್ಷಾಂತ್ಯಕ್ಕೆ ಕುಲಸಚಿವರು ಕೇಂದ್ರಗಳನ್ನು ನೋಡಲು ಬಂದರು. ಸಿಂಧನೂರಿನ ಕೌಂಟರಿನಲ್ಲಿ ಹುಲಿಗೆಮ್ಮ, ಮಸ್ಕಿಯಲ್ಲಿ ಖಾಜಾಸಾಬ್. ಶರಣಪ್ಪನೂ ಆ ಹೊತ್ತಿಗೆ ಎರಡೂ ಕಡೆ ಕೂತು ಬಂದಿದ್ದ, ಅವರಿಬ್ಬರೂ ಲಿಂಗಸುಗೂರಿಗೆ ಹೋಗಿ ಅವನ ಕೆಲಸ ಕಲಿತಿದ್ದರು. ಒಂದೊಂದನ್ನೂ ತೋರಿಸಿದೆ. ಅವರು ಮೆಚ್ಚಿ ತಲೆಯಾಡಿಸಿದರು.

"ಅಂದರೆ ಈಗ ಇವರಲ್ಲಿ ಯಾರು ಬೇಕಾದರೂ ಮೂರೂ ಕೆಲಸ ಮಾಡಬಲ್ಲರು?" ಎಂದು ಕೇಳಿದರು.

"ಹೌದು ಸರ್," ಅಂದೆ, ಎದೆಯುಬ್ಬಿಸಿ.

ಮಾರ್ಚಿನಲ್ಲಿ ಹೊಸ ಗುತ್ತಿಗೆಯ ಆದೇಶ ಬಂತು. ಮೂರು ಗ್ರಂಥಾಲಯಗಳಿಗೆ ಸೇರಿ ಒಂದೇ ಹುದ್ದೆ. ಪದವಿ ಇದ್ದುದರಿಂದ ಏಜೆನ್ಸಿ ಹುಲಿಗೆಮ್ಮನನ್ನು ಉಳಿಸಿಕೊಂಡಿತ್ತು. ಉಳಿದಿಬ್ಬರಿಗೆ ತಿಂಗಳ ಕೊನೆಯವರೆಗೆ ಮಾತ್ರ ಕೆಲಸ.

ನಾನು ಸುಮ್ಮನೆ ಕೂರಲಿಲ್ಲ. ಪತ್ರ ಬರೆದೆ, ಮತ್ತೆ ಬರೆದೆ. ಉತ್ತರ ಬರದಿದ್ದಾಗ ಆಡಳಿತ ಕಚೇರಿಗೇ ಹೋಗಿ ಕುಲಸಚಿವರ ಕೋಣೆಯ ಹೊರಗೆ ಸಂಜೆಯವರೆಗೆ ಕೂತೆ. ಒಬ್ಬಳು ಒಂದೇ ಹೊತ್ತಿಗೆ ಮೂರು ಊರಿನಲ್ಲಿ ಇರಲು ಹೇಗೆ ಸಾಧ್ಯ ಎಂದು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅದೇ ನನ್ನ ಮೈ ಉರಿಸಿತು.

"ವಾರಕ್ಕೆ ಎರಡೆರಡು ದಿನ ತೆರೆಯಲಿ ಮೇಡಂ. ಸಿಬ್ಬಂದಿಯನ್ನು ನೀವು ಇಷ್ಟು ಚೆನ್ನಾಗಿ ತಯಾರು ಮಾಡದಿದ್ದರೆ ಇದು ನಮಗೆ ಹೊಳೆಯುತ್ತಲೇ ಇರಲಿಲ್ಲ," ಎಂದರು. ಅದು ಹೊಗಳಿಕೆ. ವ್ಯಂಗ್ಯವಾಗಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಸುದ್ದಿಯನ್ನು ಖಾಜಾಸಾಬರಿಗೆ ನಾನೇ ಹೇಳಬೇಕಾಯಿತು. ಅವರು ಕೂಗಾಡುತ್ತಾರೆ, ಮತ್ತೆ ಇಕನಾಮಿಕ್ಸ್ ಮೇಷ್ಟ್ರನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

"ಆ ಹುಡುಗಿ ಒಬ್ಬಾಕೆನ ಮೂರೂರು ಹೆಂಗ ತಿರಗ್ತಾಳ್ರೀ ಮೇಡಂ?" ಎಂದು ಕೇಳಿ, ಟಿಫಿನ್ ಡಬ್ಬಿ ಎತ್ತಿಕೊಂಡು ಹೋದರು.

ಶರಣಪ್ಪ ಅಣ್ಣನ ಮೊಬೈಲ್ ಅಂಗಡಿ ಸೇರಿಕೊಂಡ. ಖಾಜಾಸಾಬ್ ಏಳೆಂಟು ಕಡೆ ಕೇಳಿದರು. ಶಾಲೆಗಳವರು ವಯಸ್ಸು ಕೇಳಿದರು, ಅಂಗಡಿಯವರು ಭಾರ ಎತ್ತುತ್ತೀರಾ ಎಂದರು. ಕೊನೆಗೆ ಗೊರೇಬಾಳದ ಹತ್ತಿರ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲಿಗೆ ಕೂತರು. ಆ ದಾರಿಯಲ್ಲಿ ಹೋಗುವಾಗ ಒಂದೆರಡು ಬಾರಿ ಆಟೊ ನಿಲ್ಲಿಸಿ ಮಾತಾಡಿಸಿದ್ದೇನೆ. ಭತ್ತದ ಧೂಳಿಗೆ ಕೆಮ್ಮುತ್ತ, ಗಿರಣಿಯ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸದ ಏನೋ ಹೇಳಿ ನಕ್ಕರು. ಮೂರನೇ ಸಲ ನಿಲ್ಲಿಸುವ ಧೈರ್ಯ ಆಗಲಿಲ್ಲ.

ಗ್ರಂಥಾಲಯಗಳೂ ಉದ್ಧಾರವಾಗಲಿಲ್ಲ. ಇಂದು ಸಿಂಧನೂರು, ನಾಳೆ ಲಿಂಗಸುಗೂರು ಎಂದು ಹುಲಿಗೆಮ್ಮ ಬಸ್ಸಿನಲ್ಲಿ ಸವೆದಳು. ಬಾಗಿಲು ಯಾವ ದಿನ ತೆರೆದಿರುತ್ತದೆ ಎಂಬುದು ಮಕ್ಕಳಿಗೆ ತಿಳಿಯದೆ, ಮೊದಲು ತಪ್ಪು ದಿನ ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಬರುವವರು ಕಡಿಮೆಯಾದರೆಂದು ಹೊಸ ಪುಸ್ತಕಗಳ ಖರೀದಿ ನಿಂತಿತು. ಯಾವ ರಜೆಗಾಗಿ ನಾನು ಇಷ್ಟೆಲ್ಲ ಹಚ್ಚಿಕೊಂಡೆನೋ, ಆ ರಜೆ ಈಗ ಹುಲಿಗೆಮ್ಮನಿಗೆ ಒಂದು ದಿನವೂ ಸಿಗುತ್ತಿರಲಿಲ್ಲ. ಒಬ್ಬರಿಗೇ ಕೆಲಸ ಗೊತ್ತಿರುವ ಕಾಲ ಹೋಗಿ, ಒಬ್ಬರೇ ಇರುವ ಕಾಲ ಬಂದಿತ್ತು.

ನನ್ನ ನಿವೃತ್ತಿಗೆ ಕೆಲವು ತಿಂಗಳಿರುವಾಗ ಹುಲಿಗೆಮ್ಮ ಬಸುರಿಯಾದಳು. ಆಕೆ ಹೆರಿಗೆಗೆ ಹೋಗುವ ಮೊದಲು ಕಲಿತಿರಲಿ ಎಂದು ಏಜೆನ್ಸಿ ಲಿಂಗಸುಗೂರಿನ ಒಬ್ಬ ಹೆಂಗಸನ್ನು ಬದಲಿಯಾಗಿ ಕಳಿಸಿತು. ಅದೇ ಪದವಿ, ಆದರೆ ಹುಲಿಗೆಮ್ಮನಿಗಿಂತ ಕಡಿಮೆ ಸಂಬಳಕ್ಕೆ ಒಪ್ಪಿದವಳು. ನಾನು ಹುಲಿಗೆಮ್ಮನನ್ನು ಕರೆದು, ಈಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ತೋರಿಸು ಅಂದೆ. ಅಷ್ಟು ವರ್ಷದಲ್ಲಿ ನನಗೆ ಎದುರು ಮಾತಾಡದಿದ್ದ ಹುಡುಗಿ ಅಂದು ನೆಟ್ಟಗೆ ನೋಡಿದಳು.

"ಇಲ್ರೀ ಮೇಡಂ. ನಾ ಕಲಿಸೂದಿಲ್ಲ."

"ಯಾಕೆ?"

"ಕಾಕಾ ನನಗ ಒಂದೂ ಮುಚ್ಚಿಡಲಾರದ ಕಲಿಸಿದ್ರು. ಈಗ ಮಿಲ್ಲಿನ ಗೇಟಿಗೆ ಕುಂತಾರ. ನಾ ಕೂಸಿನ್ ಎತಗೊಂಡು ಹೊಳ್ಳಿ ಬರೂದ್ರಾಗ ಈಕಿ ಎಲ್ಲಾ ಕಲ್ತಿರ್ತಾಳ. ಆಮ್ಯಾಲ ನನ್ನ ಯಾರ್ ಕರೀತಾರ್ರೀ?"

ಸಿಬ್ಬಂದಿಯ ಬೆಳವಣಿಗೆ ಎಂಬ ವಿಷಯದ ಮೇಲೆ ನಾನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಭಾಷಣ ಮಾಡಿದವಳು. ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನೌಕರಿ ಉಳಿಯುತ್ತದೆ ಎಂಬ ನಂಬಿಕೆ ಇದ್ದಲ್ಲಿ ಮಾತ್ರ ಒಬ್ಬರು ಇನ್ನೊಬ್ಬರಿಗೆ ಕೆಲಸ ಕಲಿಸಬಲ್ಲರು. ಅದಿಲ್ಲದ ಕಡೆ ಕಲಿಸು ಎನ್ನುವುದು ನಿನ್ನ ಕುರ್ಚಿ ಬಿಡು ಎಂದ ಹಾಗೆ. ನನ್ನ ನೌಕರಿ ನನಗೆ ಕೊನೆಗೆ ಕಲಿಸಿದ್ದು ಇಷ್ಟೇ, ಇದನ್ನು ಯಾವ ಶಿಬಿರದಲ್ಲೂ ಹೇಳಲು ಬರುವುದಿಲ್ಲ.

ಹೊಸದಾಗಿ ಬಂದ ಹೆಂಗಸು ಕೈಯಲ್ಲಿ ಪೆನ್ನು ಹಿಡಿದು, ಎಲ್ಲಿ ಕೂರಲಿ ಎಂದು ಕೇಳಿದಳು. ಹುಲಿಗೆಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆ ಹೆಂಗಸನ್ನು ಹಿಂದಿನ ಕಪಾಟುಗಳ ಕಡೆ ಕರೆದೊಯ್ದು ಕೈಗೊಂದು ಬಟ್ಟೆ ಕೊಟ್ಟೆ. ಪುಸ್ತಕಗಳ ಧೂಳು ಒರೆಸಮ್ಮಾ, ಕಂಪ್ಯೂಟರಿನ ಹತ್ತಿರ ಹೋಗಬೇಡ ಎಂದೆ.