ಬೋರಿನ ನೀರಲ್ಲಿ ತೊಳೆದ ಲೋಟ

ಅಜ್ಜ ತೀರಿಕೊಂಡ ಮೇಲೆ ಹಿರಿಯೂರಿನ ಮನೆಯಿಂದ ನಾನು ಕೇಳಿ ತಂದದ್ದು ಒಂದೇ ವಸ್ತು: ಪೆನ್ನಿನಷ್ಟು ಉದ್ದದ, ನೀರು ಅಳೆಯುವ ಅಗ್ಗದ ಮೀಟರು. ಫಿಲ್ಟರ್ ಮಾರುವವರು ನೀರಿಗೆ ಅದ್ದಿ ಹೆದರಿಸುತ್ತಾರಲ್ಲ, ಅದೇ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಕಾಲ. ಅಜ್ಜಿಗೆ ಬಿಡದ ಕೆಮ್ಮು. ಆಸ್ಪತ್ರೆಯೆಂದರೆ ಅವಳಿಗೆ ಆಗದು. ಅಜ್ಜ ಫೋನಿನಲ್ಲಿ ವಿಡಿಯೊ ನೋಡಿ, ಕೆಮ್ಮಿಗೆ ಔಷಧಿಯೆಂದು ಬೆಳ್ಳಿ ನೀರು ಮಾಡತೊಡಗಿದ್ದ. ನನ್ನ ತೊಟ್ಟಿಲ ಕಾಲದ ಬೆಳ್ಳಿ ಉಡಿದಾರವನ್ನು ಎರಡು ತುಂಡು ಮಾಡಿ, ವೈರಿನಿಂದ ಬ್ಯಾಟರಿಗೆ ಸಿಕ್ಕಿಸಿ, ಲೋಟದ ನೀರಿಗೆ ಇಳಿಬಿಡುತ್ತಿದ್ದ. ಆ ನೀರು ಗ್ಯಾರೇಜಿನಿಂದ ತಂದದ್ದು, ವಾಹನದ ಬ್ಯಾಟರಿಗೆ ಹಾಕುವಂಥದ್ದು. ಅದರಲ್ಲಿ ಬೇರೇನೂ ಇರುವುದಿಲ್ಲ, ಮೀಟರು ಸೊನ್ನೆ ತೋರಿಸಬೇಕು. ಬೆಳ್ಳಿ ಬಿಟ್ಟ ಮೇಲೆ ಹತ್ತು ತೋರಿಸಿದರೆ ಔಷಧಿ ಹದಕ್ಕೆ ಬಂದಂತೆ ಎಂದು ಫೋನಿನಲ್ಲಿ ಹೇಳಿದ್ದರಂತೆ.

ನಾನು ಊರಿಗೆ ಹೋದ ದಿನ ಅಜ್ಜ ಬಾಗಿಲಲ್ಲೇ ಹಿಡಿದುಕೊಂಡ.

"ನೋಡವ್ವ, ಹದಿನಾಲ್ಕು ಬಂದೈತೆ! ನಾಳೆಯಿಂದ ನಿಮ್ಮಜ್ಜಿಗೆ ದಿನಾ ಒಂದು ಚಮಚ."

"ಮೊದ್ಲು ನೀವು ಕುಡೀರಿ, ನೋಡಾಣ," ಎಂದಳು ಅಜ್ಜಿ ಒಳಗಿನಿಂದ.

"ಕೆಮ್ಮೋಳು ನೀನು ಕಣೇ."

ಅಜ್ಜಿ ಅದನ್ನು ಕುಡಿಯುವುದು ನನಗೆ ಬೇಡವಾಗಿತ್ತು. ಬರೀ ಬೇಡವೆಂದರೆ ಅಜ್ಜ ಕೇಳುವವನಲ್ಲ. ಮೊದಲಿನಿಂದ ಮಾಡಿ ನೋಡೋಣ ಎಂದೆ. ಅಜ್ಜಿ ಲೋಟವನ್ನೂ ಮೀಟರನ್ನೂ ಬೋರಿನ ನೀರಲ್ಲಿ ತೊಳೆದು, ತೊಟ್ಟಿಕ್ಕುತ್ತಿದ್ದಂತೆಯೇ ಕೊಟ್ಟಳು. ನಮ್ಮ ಮನೆಯಲ್ಲಿ ತೊಳೆದದ್ದನ್ನು ಒರೆಸುವುದಿಲ್ಲ. ಬಟ್ಟೆ ತಾಗಿದರೆ ಮತ್ತೆ ಮುಸುರೆ. ಆ ಹಸಿ ಲೋಟಕ್ಕೆ ಗ್ಯಾರೇಜಿನ ನೀರು ಹೊಯ್ದು, ಬೆಳ್ಳಿ ಹಾಕದೆ ಮೀಟರು ಅದ್ದಿದೆ. ಹನ್ನೆರಡು.

"ಬೆಳ್ಳಿ ಎಲ್ಲಿ?"

"ಹಾಕಿಲ್ಲ ಅಜ್ಜ. ಇದು ಲೋಟಕ್ಕೆ ಅಂಟಿದ್ದ ಬೋರಿನ ಉಪ್ಪು. ಈ ಮೀಟರಿಗೆ ಬೆಳ್ಳಿ ಯಾವುದು, ಉಪ್ಪು ಯಾವುದು ಗೊತ್ತಾಗಲ್ಲ. ನೀರಲ್ಲಿ ಕರೆಂಟು ಎಷ್ಟು ಹರಿಯುತ್ತೆ ಅನ್ನೋದರ ಮೇಲೆ ಒಂದು ನಂಬರ್ ತೋರಿಸುತ್ತೆ. ಕರಗದೆ ತೇಲೋ ಬೆಳ್ಳಿ ಕಣ ಅದಕ್ಕೆ ಲೆಕ್ಕಕ್ಕೇ ಸಿಗಲ್ಲ."

"ಹಂಗಾರೆ ನಾನು ಮಾಡಿದ್ರಾಗೆ ಬೆಳ್ಳಿ ಎಷ್ಟೈತೆ?"

"ಗೊತ್ತಿಲ್ಲ. ಉಡಿದಾರದಲ್ಲಿ ತಾಮ್ರಾನೂ ಇರುತ್ತೆ. ಅದೆಷ್ಟು ಬಿಟ್ಟಿದೆಯೋ ಅದೂ ಗೊತ್ತಿಲ್ಲ."

"ನನ್ನ ಸಾರಿಗೆ ಅದ್ದಿ ನೋಡ್ರಿ," ಎಂದಳು ಅಜ್ಜಿ. "ನಂದೇ ಜೋರು ಔಷಧಿ ಅಂತ ತೋರಿಸ್ತೈತೆ."

ಅಜ್ಜ ನಗಲಿಲ್ಲ. ಹದಿನಾಲ್ಕರ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದ.

"ಏನೈತೋ ಗೊತ್ತಿಲ್ಲದ್ದನ್ನ ನಿಂಗೆ ಹೆಂಗೆ ಕುಡಿಸ್ಲಿ? ಬೆಳಿಗ್ಗೆ ರೆಡಿಯಾಗು, ಡಾಕ್ಟ್ರ ಹತ್ರ ಹೋಗಾಣ."

ಅಜ್ಜಿ ಕಾದಾಡುತ್ತಾಳೆಂದುಕೊಂಡೆ. ಅವಳು ಅಜ್ಜನ ಮುಖ ನೋಡಿ, "ಯಾವ ಸೀರೆ ಉಡ್ಲಿ?" ಎಂದಳು.

ಕೆಮ್ಮು ಮಾತ್ರೆಗೆ ಇಳಿಯಿತು. ಮೀಟರು ಮಾತ್ರ ಅಜ್ಜನ ಜೇಬಿನಲ್ಲೇ ಉಳಿಯಿತು. ಎಳನೀರು, ಮಜ್ಜಿಗೆ, ನೆಂಟರ ಮನೆಯ ಕೊಡ, ಎಲ್ಲಕ್ಕೂ ಅದ್ದಿ ಗಟ್ಟಿಯಾಗಿ ಓದುತ್ತಿದ್ದ. ಈಗ ನನ್ನ ರೂಮಿನಲ್ಲಿ ಒಮ್ಮೊಮ್ಮೆ ಅದನ್ನು ತೊಳೆದು, ಒರೆಸದೆ, ಕುಡಿಯುವ ನೀರಿಗೆ ಅದ್ದುತ್ತೇನೆ. ಬಂದದ್ದನ್ನು ಗಟ್ಟಿಯಾಗಿಯೇ ಓದುತ್ತೇನೆ.